ಕುದುರೆ ಪಂದ್ಯದಲ್ಲಿ ಬೆಳೆಯುತ್ತಿರುವುದು ತಿಳಿವಳಿಕೆಯೋ, ಬರಿಯ ಧೈರ್ಯವೋ?

ಪ್ರಶ್ನೆ: ಆರು ತಿಂಗಳ ಹಿಂದೆ ಸ್ನೇಹಿತರೊಬ್ಬರು ಒತ್ತಾಯ ಮಾಡಿದ್ದರಿಂದ ಮೊದಲ ಸಲ ಕುದುರೆ ಪಂದ್ಯ ನೋಡಲು ಹೋದೆ. ಅಂದು ಹೆಸರು ಚೆನ್ನಾಗಿದೆಯೆಂದು ಹಣ ಕಟ್ಟಿದ ಕುದುರೆಯೇ ಗೆದ್ದಿತು. ಆಮೇಲೆ ವಾರ ತಪ್ಪದೆ ಹೋಗುತ್ತಿದ್ದೇನೆ. ರಾತ್ರಿ ಕೂತು ರೇಸ್ ಕಾರ್ಡ್ ಓದುತ್ತೇನೆ. ವಂಶಾವಳಿ, ಹಳೆಯ ಓಟಗಳ ಸಮಯ, ಜಾಕಿಗಳ ಸಾಧನೆ ಎಲ್ಲವನ್ನೂ ಬರೆದುಕೊಳ್ಳುತ್ತೇನೆ. ಮೊದಲಿಗಿಂತ ಈಗ ಬಹಳ ಅರ್ಥವಾಗುತ್ತಿದೆ ಅನ್ನಿಸುತ್ತದೆ. ಕಟ್ಟುವ ಮೊತ್ತವೂ ನಾಲ್ಕೈದು ಪಟ್ಟಾಗಿದೆ. ಒಟ್ಟಾರೆ ಲಾಭದಲ್ಲಿದ್ದೇನೆ ಎಂದುಕೊಂಡಿದ್ದೇನೆ. ಇದು ಅಭ್ಯಾಸದಿಂದ ಕರಗತವಾಗುವ ವಿದ್ಯೆಯೇ, ಅದೃಷ್ಟದ ಆಟವೇ? ಮೂರು ನಾಲ್ಕು ಪಂದ್ಯಗಳ ವಿಜೇತರನ್ನು ಒಟ್ಟಿಗೆ ಊಹಿಸುವ ದೊಡ್ಡ ಬಾಜಿಗಳಿಗೆ ನಾನಿನ್ನು ಕೈಹಾಕಬಹುದೇ? ಎಷ್ಟು ಕಟ್ಟುತ್ತೇನೆಂದು ಮನೆಯವರಿಗೆ ಇನ್ನೂ ಹೇಳಿಲ್ಲ, ಹೇಳುವ ಅಗತ್ಯವಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಒಂದೇ ವಾಕ್ಯವನ್ನು: "ಒಟ್ಟಾರೆ ಲಾಭದಲ್ಲಿದ್ದೇನೆ ಎಂದುಕೊಂಡಿದ್ದೇನೆ." ಕುದುರೆಯ ತಾತ ಮುತ್ತಾತನ ಹೆಸರನ್ನೂ ಬಿಡದೆ ಬರೆದುಕೊಳ್ಳುವ ನೀವು, ಸ್ವಂತ ಹಣದ ವಿಷಯಕ್ಕೆ ಬಂದಾಗ "ಎಂದುಕೊಂಡಿದ್ದೇನೆ" ಎನ್ನುತ್ತೀರಿ. ಇದು ನಿಮ್ಮೊಬ್ಬರ ಲೋಪವಲ್ಲ; ಈ ಹವ್ಯಾಸಕ್ಕೆ ಹೊಸದಾಗಿ ಬಂದವರಲ್ಲಿ ನಾನು ಕಂಡ ಹೆಚ್ಚಿನವರು ಹೀಗೆಯೇ ಇದ್ದರು, ಆರಂಭದಲ್ಲಿ ನಾನೂ ಹೀಗೆಯೇ ಇದ್ದೆ. ಮೊದಲ ತಿಂಗಳುಗಳಲ್ಲಿ ಹೊಸಬರೊಳಗೆ ಎರಡು ಸಂಗತಿಗಳು ಜೊತೆಜೊತೆಯಾಗಿ ಬೆಳೆಯುತ್ತವೆ: ಒಂದು ತಿಳಿವಳಿಕೆ, ಇನ್ನೊಂದು ಧೈರ್ಯ. ಅನುಭವಿಸುವವರಿಗೆ ಇವೆರಡೂ ಒಂದೇ ಎಂದು ತೋರುತ್ತದೆ. ಯಾವುದು ಎಷ್ಟು ಬೆಳೆದಿದೆಯೆಂದು ಬಿಡಿಸಿ ಹೇಳಬಲ್ಲದ್ದು ಬರೆದಿಟ್ಟ ಲೆಕ್ಕ ಮಾತ್ರ. ನಿಮ್ಮ ಮೂರು ಪ್ರಶ್ನೆಗಳಿಗೂ ನನ್ನ ಉತ್ತರ ಆ ಲೆಕ್ಕದ ಸುತ್ತಲೇ ಇರುತ್ತದೆ.

ನಿಮಗೆ ಹುಟ್ಟಿರುವ ಆಸಕ್ತಿಯನ್ನು ನಾನು ಹಳಿಯುವುದಿಲ್ಲ. 450ರಿಂದ 500 ಕಿಲೋ ತೂಗುವ ಪ್ರಾಣಿಯೊಂದು ಗಂಟೆಗೆ 60 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಕಣ್ಣೆದುರು ಹಾದುಹೋಗುವುದನ್ನು ಕಂಬಿಯ ಬಳಿ ನಿಂತು ನೋಡಿದವರಿಗೆ ಮೈ ಜುಮ್ಮೆನ್ನುವುದು ಸಹಜ. ಲಾಯದಲ್ಲಿ ಸುಮ್ಮನೆ ನಿಂತಾಗ ನಿಮಿಷಕ್ಕೆ 30–40 ಸಲ ಬಡಿಯುವ ಅದರ ಹೃದಯ ಓಟದ ಭರದಲ್ಲಿ 200ಕ್ಕೂ ಹೆಚ್ಚು ಸಲ ಬಡಿಯುತ್ತದೆ. ಗುಲ್ಮದಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳು ಆ ಹೊತ್ತಿಗೆ ರಕ್ತಕ್ಕೆ ಸುರಿಯುತ್ತವೆ. ನಾಗಾಲೋಟದಲ್ಲಿ ಕುದುರೆ ಒಂದು ನೆಗೆತಕ್ಕೆ ಒಂದೇ ಉಸಿರು ತೆಗೆದುಕೊಳ್ಳುತ್ತದೆ. ಅದೇ ಓಟದಲ್ಲಿ ಒಂದೊಂದು ಕ್ಷಣ ಇಡೀ ದೇಹದ ಭಾರ, ದೇಹತೂಕದ ಎರಡೂವರೆ ಪಟ್ಟಿನಷ್ಟು ಒತ್ತಡವಾಗಿ, ಒಂದೇ ಸಣ್ಣ ಕಾಲಿನ ಮೇಲೆ ಬೀಳುತ್ತದೆ. ಇದನ್ನು ತಿಳಿದವರು ಸೋತ ಕುದುರೆಯನ್ನು ಬೈಯಲಾರರು, ಕುಂಟಿದ ಕುದುರೆಯನ್ನು ಓಡಿಸುವುದನ್ನು ಸಹಿಸಲಾರರು. ನಿಮ್ಮ ಆಸಕ್ತಿ ಈ ಪ್ರಾಣಿಯ ಮೇಲೆ ನಿಂತಿದ್ದರೆ ಅದು ಬಾಳುತ್ತದೆ. ಬಾಜಿಯ ಮೇಲೆ ಮಾತ್ರ ನಿಂತಿದ್ದರೆ ಅದಕ್ಕೆ ಕುದುರೆಯ ಅಗತ್ಯವೇ ಇಲ್ಲ, ದಾಳ ಸಾಕು.

ಈಗ ಮೊದಲ ಪ್ರಶ್ನೆ. ಕುದುರೆಯನ್ನು ಅಂದಾಜು ಮಾಡುವುದು ಖಂಡಿತವಾಗಿಯೂ ವಿದ್ಯೆ; ಅದನ್ನು ಕಲಿಯಬಹುದು, ಕಲಿತವರು ಕಲಿಯದವರಿಗಿಂತ ಚೆನ್ನಾಗಿ ಊಹಿಸುತ್ತಾರೆ. ಆದರೆ ಚೆನ್ನಾಗಿ ಊಹಿಸುವುದಕ್ಕೂ ಹಣ ಗಳಿಸುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಬಾಜಿಯಲ್ಲಿ ನಿಮ್ಮ ಎದುರಾಳಿ ಕುದುರೆಯಲ್ಲ, ಬಾಜಿ ಕಟ್ಟುವ ಉಳಿದವರೆಲ್ಲರೂ. 1867ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಜೋಸೆಫ್ ಓಲೆರ್ ರೂಪಿಸಿದ ಪಾರಿ-ಮ್ಯುಚುಯೆಲ್ ಪದ್ಧತಿಯೇ ಇಂದು ಬಹಳ ಕಡೆ ಟೋಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಎಲ್ಲರ ಹಣವೂ ಒಂದೇ ನಿಧಿಗೆ ಸೇರುತ್ತದೆ, ನಡೆಸುವವರು ಮತ್ತು ಸರ್ಕಾರ ತಮ್ಮ ಪಾಲು ಮುರಿದುಕೊಳ್ಳುತ್ತಾರೆ, ಉಳಿದದ್ದು ಗೆದ್ದ ಕುದುರೆಗೆ ಕಟ್ಟಿದವರ ನಡುವೆ ಹಂಚಿಕೆಯಾಗುತ್ತದೆ. ಜನ ಕಟ್ಟಿದ ಹಣವನ್ನು ಕ್ಷಣಕ್ಷಣಕ್ಕೂ ಕೂಡಿಸಿ ತೋರಿಸುವ ಯಂತ್ರವನ್ನು ಜಾರ್ಜ್ ಜೂಲಿಯಸ್ ಎಂಬ ಎಂಜಿನಿಯರ್ ತಯಾರಿಸಿದ್ದು, 1913ರಲ್ಲಿ ನ್ಯೂಜಿಲೆಂಡ್‌ನ ಎಲರ್ಸ್ಲಿ ಮೈದಾನದಲ್ಲಿ ಅದು ಮೊದಲ ಬಾರಿ ಬಳಕೆಗೆ ಬಂದದ್ದು.

ಮುರಿದುಕೊಳ್ಳುವ ಪಾಲು ಊರಿಂದ ಊರಿಗೆ, ಬಾಜಿಯಿಂದ ಬಾಜಿಗೆ ಬದಲಾಗುತ್ತದೆ. ನೂರಕ್ಕೆ 15ರಿಂದ 25ರವರೆಗೆ ಇರುವುದು ಸಾಮಾನ್ಯ. ನೂರಕ್ಕೆ 20 ಎಂದಿಟ್ಟುಕೊಳ್ಳೋಣ. ಏನೂ ತಿಳಿಯದವರು ಮನಬಂದಂತೆ ಕಟ್ಟಿದರೂ ದೀರ್ಘಕಾಲದಲ್ಲಿ 100ಕ್ಕೆ 80 ಹಿಂದಿರುಗುತ್ತದೆ. ಉಳಿದವರಿಗಿಂತ ನೀವು ನೂರಕ್ಕೆ 10ರಷ್ಟು ಹೆಚ್ಚು ಜಾಣರಾದರೆ 88 ಹಿಂದಿರುಗುತ್ತದೆ. ಅಂದರೆ ನೀವು ನಿಜಕ್ಕೂ ಜಾಣರಾಗಿದ್ದೀರಿ, ಹಾಗಿದ್ದೂ ಹಣ ಕಳೆದುಕೊಳ್ಳುತ್ತಿದ್ದೀರಿ. ಸಮಸಮ ಆಗಬೇಕಾದರೂ ಉಳಿದವರಿಗಿಂತ ನೂರಕ್ಕೆ 25ರಷ್ಟು ಮೇಲಿರಬೇಕು. ಬಂದದ್ದನ್ನೆಲ್ಲ ಮತ್ತೆ ಕಟ್ಟುತ್ತಾ ಹೋಗುವವರ ಸ್ಥಿತಿ ಇನ್ನೂ ಕಷ್ಟದ್ದು: ಪ್ರತಿ ಸುತ್ತಿನಲ್ಲೂ ಐದನೇ ಒಂದು ಭಾಗ ಕರಗಿದರೆ ಹತ್ತನೆಯ ಸುತ್ತು ಮುಗಿಯುವಾಗ ನೂರರಲ್ಲಿ ಉಳಿಯುವುದು ಸರಾಸರಿ 11ಕ್ಕಿಂತ ಕಡಿಮೆ.

ಬುಕ್ಕಿಯ ಬಳಿ ಕಟ್ಟುವುದಾದರೂ ಈ ಪಾಲು ಇದ್ದೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಐದು ಕುದುರೆಗಳ ಒಂದು ಪಂದ್ಯದಲ್ಲಿ ದರಗಳು ಒಂದಕ್ಕೆ ಒಂದೂವರೆ, ಮೂರು, ನಾಲ್ಕು, ಐದು, ಏಳು ಎಂದಿವೆಯೆನ್ನಿ. ಒಂದಕ್ಕೆ ನಾಲ್ಕರ ದರವೆಂದರೆ (ಒಂದು ಕಟ್ಟಿ ಗೆದ್ದರೆ ಆ ಒಂದರ ಜೊತೆಗೆ ನಾಲ್ಕು ಲಾಭ) ಐದರಲ್ಲಿ ಒಂದು ಅವಕಾಶ, ಅಂದರೆ ನೂರಕ್ಕೆ 20. ಹೀಗೆಯೇ ಐದನ್ನೂ ಪರಿವರ್ತಿಸಿದರೆ 40, 25, 20, 16.7, 12.5 ಬರುತ್ತವೆ, ಕೂಡಿಸಿದರೆ 114 ದಾಟುತ್ತದೆ. ಗೆಲ್ಲುವುದು ಒಂದೇ ಕುದುರೆಯಾದ್ದರಿಂದ ಮೊತ್ತ ನೂರೇ ಆಗಬೇಕಿತ್ತು. ಆ ಹೆಚ್ಚುವರಿ 14 ಬುಕ್ಕಿಯ ಜೀವನ. ಮುಂದಿನ ಸಲ ದರಪಟ್ಟಿ ಕಂಡಾಗ ಈ ಕೂಡಿಕೆಯನ್ನು ಮಾಡಿ ನೋಡಿ. ಕುದುರೆಯ ಹೆಸರು ಓದುವ ಮೊದಲೇ ಈ ಪಂದ್ಯ ನಿಮಗೆ ಎಷ್ಟು ದುಬಾರಿಯೆಂದು ತಿಳಿಯುತ್ತದೆ.

ಇಲ್ಲಿಂದಲೇ ಹೊಸಬರು ದಾಟಬೇಕಾದ ಅತ್ಯಂತ ಮುಖ್ಯವಾದ ಹೊಸ್ತಿಲು ಬರುತ್ತದೆ. ಒಳ್ಳೆಯ ಕುದುರೆ ಬೇರೆ, ಒಳ್ಳೆಯ ಬಾಜಿ ಬೇರೆ. ಅಮೆರಿಕದ 1973ರ ಬೆಲ್ಮಾಂಟ್ ಸ್ಟೇಕ್ಸ್‌ನಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆ ಸುಮಾರು 2400 ಮೀಟರುಗಳನ್ನು 2 ನಿಮಿಷ 24 ಸೆಕೆಂಡುಗಳಲ್ಲಿ ಓಡಿ 31 ಲೆಂಗ್ತ್‌ಗಳಿಂದ, ಅಂದರೆ 31 ಕುದುರೆಗಳ ಉದ್ದದಷ್ಟು ಅಂತರದಿಂದ, ಗೆದ್ದಿತು. ಅಂಥ ಓಟವನ್ನು ಅದರ ಮೊದಲೂ ಆಮೇಲೂ ಜಗತ್ತು ಕಂಡಿಲ್ಲವೆಂದೇ ನಾನು ತಿಳಿದಿದ್ದೇನೆ. ಆದರೆ ಅದು ಗೆಲ್ಲುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಎರಡು ಡಾಲರ್ ಕಟ್ಟಿದವರಿಗೆ ಸಿಕ್ಕಿದ್ದು 2.20 ಡಾಲರ್. ಗೆದ್ದ ಟಿಕೆಟ್‌ಗಳಲ್ಲಿ ಸಾವಿರಾರನ್ನು ಜನ ಹಣಕ್ಕೆ ಬದಲಿಸಿಕೊಳ್ಳದೆ ನೆನಪಿಗೆಂದು ಇಟ್ಟುಕೊಂಡರು, ಮತ್ತು ಆ ಟಿಕೆಟ್‌ಗೆ ಅದಕ್ಕಿಂತ ಒಳ್ಳೆಯ ಉಪಯೋಗ ಇರಲಿಲ್ಲ. "ಯಾವ ಕುದುರೆ ಗೆಲ್ಲುತ್ತದೆ?" ಎಂಬುದು ಪ್ರೇಕ್ಷಕರ ಪ್ರಶ್ನೆ. "ಈ ಕುದುರೆಗೆ ನಿಜವಾಗಿ ಇರುವ ಅವಕಾಶಕ್ಕಿಂತ ಹೆಚ್ಚಿನ ದರ ಸಿಗುತ್ತಿದೆಯೇ?" ಎಂಬುದು ಬಾಜಿ ಕಟ್ಟುವವರ ಪ್ರಶ್ನೆ. ನೀವು ರಾತ್ರಿ ಕೂತು ಹುಡುಕುತ್ತಿರುವುದು ಮೊದಲನೆಯದರ ಉತ್ತರವನ್ನು.

ಎರಡನೆಯ ಪ್ರಶ್ನೆಯ ಉತ್ತರವನ್ನು ಜನರ ಗುಂಪು ಸಾಕಷ್ಟು ಚೆನ್ನಾಗಿಯೇ ಕೊಟ್ಟಿರುತ್ತದೆ ಎಂಬುದು ತೊಡಕಿನ ಸಂಗತಿ. ಬಹಳ ದೇಶಗಳಲ್ಲಿ ಫೇವರಿಟ್, ಅಂದರೆ ಜನ ಅತಿ ಹೆಚ್ಚು ಹಣ ಕಟ್ಟಿದ, ಕುದುರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಂದ್ಯ ಗೆಲ್ಲುತ್ತದೆ, ದರವೂ ಆ ಅಂದಾಜಿಗೆ ಹತ್ತಿರವೇ ಇರುತ್ತದೆ. ಗುಂಪು ಎಡವುವ ಜಾಗವೊಂದನ್ನು 1949ರಲ್ಲಿಯೇ ಆರ್. ಎಂ. ಗ್ರಿಫಿತ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟರು: ಗೆಲ್ಲುವ ಅವಕಾಶ ತೀರಾ ಕಡಿಮೆಯಿರುವ ಕುದುರೆಗಳ ಮೇಲೆ ಜನ ಅಗತ್ಯಕ್ಕಿಂತ ಹೆಚ್ಚು ಹಣ ಕಟ್ಟುತ್ತಾರೆ. ಅಂದರೆ ಒಂದಕ್ಕೆ ಐವತ್ತರ ದರದ ಕುದುರೆಗೆ ನಿಜವಾಗಿ ಐವತ್ತೊಂದರಲ್ಲಿ ಒಂದರಷ್ಟು ಅವಕಾಶವೂ ಇರುವುದಿಲ್ಲ. ಇಂಥ ಕುದುರೆಗಳು ಎಂದೂ ಗೆಲ್ಲುವುದಿಲ್ಲವೆಂದಲ್ಲ. ಇಂಗ್ಲೆಂಡಿನಲ್ಲಿ ಬೇಲಿಗಳನ್ನು ಹಾರಿ ಓಡುವ 1967ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ 23ನೆಯ ಬೇಲಿಯ ಬಳಿ ಮುಂದಿನ ಕುದುರೆಗಳೆಲ್ಲ ಒಂದರ ಮೇಲೊಂದು ಸಿಕ್ಕಿಬಿದ್ದಾಗ ಹಿಂದೆ ಬರುತ್ತಿದ್ದ ಫಾಯ್ನವನ್ ಒಂದಕ್ಕೆ ನೂರರ ದರದಲ್ಲಿ ಗೆದ್ದಿತು. ಅಮೆರಿಕದ 2022ರ ಕೆಂಟಕಿ ಡರ್ಬಿಯಲ್ಲಿ ರಿಚ್ ಸ್ಟ್ರೈಕ್ ಒಂದಕ್ಕೆ ಎಂಬತ್ತರ ದರದಲ್ಲಿ ಗೆದ್ದಿತು. ನಾವು ನೆನಪಿಡುವುದು ಈ ಎರಡನ್ನು, ಮರೆಯುವುದು ಅಂಥದ್ದೇ ದರದಲ್ಲಿ ಸೋತ ಸಾವಿರಾರು ಕುದುರೆಗಳನ್ನು.

ನೀವು ಹೆಚ್ಚು ಹೆಚ್ಚು ಮಾಹಿತಿ ಬರೆದುಕೊಳ್ಳುತ್ತಿದ್ದೇನೆ ಎಂದಿದ್ದೀರಿ. ಅದರ ಬಗ್ಗೆ ಒಂದು ಪ್ರಯೋಗವನ್ನು ನಾನು ಎಲ್ಲ ಹೊಸಬರಿಗೂ ಹೇಳುತ್ತೇನೆ. 1970ರ ದಶಕದ ಆರಂಭದಲ್ಲಿ ಪಾಲ್ ಸ್ಲೊವಿಕ್ ಎಂಬ ಮನಶ್ಶಾಸ್ತ್ರಜ್ಞರು ಪಂದ್ಯದ ಫಲಿತಾಂಶ ಅಂದಾಜಿಸುವುದರಲ್ಲಿ ಪಳಗಿದ ಎಂಟು ಮಂದಿ ಹ್ಯಾಂಡಿಕ್ಯಾಪರ್‌ಗಳಿಗೆ ಹಳೆಯ ಪಂದ್ಯಗಳ ವಿವರ ಕೊಟ್ಟು ಗೆಲ್ಲುವ ಕುದುರೆಯನ್ನು ಊಹಿಸಲು ಹೇಳಿದರು. ಮೊದಲು ಅವರೇ ಆರಿಸಿಕೊಂಡ ಐದು ಅಂಶಗಳು, ಆಮೇಲೆ ಹತ್ತು, ಇಪ್ಪತ್ತು, ಕೊನೆಗೆ ನಲವತ್ತು. ನಲವತ್ತು ಅಂಶಗಳು ಕೈಯಲ್ಲಿದ್ದಾಗಲೂ ಅವರ ಊಹೆಗಳು ಐದು ಅಂಶಗಳಿದ್ದಾಗಿನದಕ್ಕಿಂತ ಹೆಚ್ಚು ನಿಖರವಾಗಲಿಲ್ಲ. ತಮ್ಮ ಊಹೆಯ ಮೇಲೆ ಅವರಿಗಿದ್ದ ಭರವಸೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಇನ್ನೊಂದು ಪ್ರಯೋಗ 1968ರಲ್ಲಿ ಪ್ರಕಟವಾದದ್ದು. ನಾಕ್ಸ್ ಮತ್ತು ಇಂಕ್‌ಸ್ಟರ್ ಎಂಬಿಬ್ಬರು ಸಂಶೋಧಕರು ಬಾಜಿ ಕಟ್ಟಲು ಸಾಲಿನಲ್ಲಿದ್ದವರನ್ನೂ ಆಗಷ್ಟೇ ಕಟ್ಟಿ ಬಂದವರನ್ನೂ ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಕುದುರೆ ಗೆಲ್ಲುವ ಸಾಧ್ಯತೆ ಒಂದರಿಂದ ಏಳರ ಅಳತೆಯಲ್ಲಿ ಎಷ್ಟು? ಕಟ್ಟುವ ಮೊದಲಿನವರ ಸರಾಸರಿ 3.5ರ ಆಸುಪಾಸು, ಕಟ್ಟಿ ಬಂದವರದು 4.8. ಆ ಅರ್ಧ ನಿಮಿಷದಲ್ಲಿ ಯಾವ ಕುದುರೆಯೂ ಬಲಗೊಂಡಿರಲಿಲ್ಲ. ಹಣ ಕೈಬಿಟ್ಟೊಡನೆ ಮನಸ್ಸು ತನ್ನ ಆಯ್ಕೆಯ ಪರ ವಾದಿಸಲು ನಿಂತಿತ್ತು. ನಿಮಗೆ "ತುಂಬ ಅರ್ಥವಾಗುತ್ತಿದೆ ಅನ್ನಿಸುವ" ಭಾವನೆಯಲ್ಲಿ ಇದರ ಪಾಲು ಎಷ್ಟಿದೆಯೆಂದು ನಿಮಗಾಗಲಿ ನನಗಾಗಲಿ ಊಹಿಸಿ ಹೇಳಲು ಆಗದು, ಅಳೆದೇ ನೋಡಬೇಕು.

ಅಳೆಯುವ ಕ್ರಮವನ್ನು ಹೇಳುತ್ತೇನೆ. ನನ್ನ ಮೊದಲ ನೋಟ್‌ಪುಸ್ತಕ ಈಗಲೂ ನನ್ನ ಬಳಿ ಇದೆ. ಪ್ರತಿ ಪುಟದಲ್ಲಿ ಪೆನ್ಸಿಲಿನಿಂದ ಎಳೆದ ಐದು ಕಂಬಗಳು: ಪಂದ್ಯ, ಕುದುರೆ, ನಾನು ಕೊಟ್ಟ ಅವಕಾಶ, ಕೊನೆಯ ದರ, ಫಲಿತಾಂಶ. ಮೂರನೆಯ ಕಂಬವನ್ನು ದರಪಟ್ಟಿ ನೋಡುವ ಮೊದಲೇ ತುಂಬಬೇಕೆಂಬುದು ನಿಯಮ. ಮೊದಲ ಕೆಲವು ಪುಟಗಳಲ್ಲಿ ಆ ಕಂಬದಲ್ಲಿ ಅಳಿಸಿ ಬರೆದ ಗುರುತುಗಳಿವೆ; ದರ ಕಂಡ ಮೇಲೆ ನನ್ನ 15ನ್ನು ಒರೆಸಿ 25 ಮಾಡಿದ್ದೆ. ಹಾಗೆ ತಿದ್ದಿದ ಸಾಲುಗಳನ್ನು ಲೆಕ್ಕದಿಂದ ತೆಗೆದು, ಆಮೇಲೆ ಪೆನ್ನಿನಲ್ಲಿ ಬರೆಯತೊಡಗಿದೆ. ಅಷ್ಟು ದಿನ ನಾನೂ ಲಾಭದಲ್ಲಿದ್ದೇನೆ ಎಂದೇ ನಂಬಿದ್ದೆ. ಕೂಡಿಸಿ ನೋಡಿದಾಗ ನೂರಕ್ಕೆ ಎಂಬತ್ತರ ಆಸುಪಾಸು ಹಿಂದೆ ಬಂದಿತ್ತು, ಕಣ್ಣು ಮುಚ್ಚಿ ಕಟ್ಟಿದ್ದರೂ ಬರುತ್ತಿದ್ದಷ್ಟೇ. ಗೆದ್ದ ದಿನಗಳು ಬಣ್ಣಬಣ್ಣವಾಗಿ ನೆನಪಿದ್ದವು, ಸೋತ ದಿನಗಳೆಲ್ಲ ಬೆರೆತು ಒಂದೇ ಆಗಿಹೋಗಿದ್ದವು.

ಇಂಥ ಪುಸ್ತಕದಲ್ಲಿ ಇನ್ನೂರು ಸಾಲು ತುಂಬಿದ ಮೇಲೆ ಲಾಭನಷ್ಟಕ್ಕಿಂತ ಮೊದಲು ಬೇರೊಂದನ್ನು ನೋಡಿ. ನೀವು ನೂರಕ್ಕೆ 25 ಅವಕಾಶ ಕೊಟ್ಟ ಕುದುರೆಗಳನ್ನೆಲ್ಲ ಒಂದೆಡೆ ಸೇರಿಸಿ. ಅವುಗಳಲ್ಲಿ ನಾಲ್ಕನೇ ಒಂದು ಭಾಗ ಗೆದ್ದಿವೆಯೇ? 10 ಕೊಟ್ಟವುಗಳಲ್ಲಿ ಹತ್ತನೇ ಒಂದು ಭಾಗ ಗೆದ್ದಿವೆಯೇ? 25 ಕೊಟ್ಟವು ಹದಿನೈದರಷ್ಟೇ ಗೆದ್ದಿದ್ದರೆ ನೀವು ಕುದುರೆಗಳನ್ನಲ್ಲ, ನಿಮ್ಮ ಆಸೆಯನ್ನು ಅಂದಾಜು ಮಾಡುತ್ತಿದ್ದೀರಿ. ಈ ಪರೀಕ್ಷೆಯನ್ನು ಮುಂದಿಡಲು ಕಾರಣವಿದೆ: ಒಂದಕ್ಕೆ ಐದರ ದರದ ಇನ್ನೂರು ಬಾಜಿಗಳಲ್ಲಿ ಬರಿಯ ಅದೃಷ್ಟವೇ ಫಲಿತಾಂಶವನ್ನು ನೂರಕ್ಕೆ 15ರಷ್ಟು ಮೇಲೋ ಕೆಳಗೋ ಸುಲಭವಾಗಿ ಸರಿಸಬಲ್ಲದು. ಆರು ತಿಂಗಳ ಲಾಭ, ಅದು ನಿಜವಾದ ಲಾಭವೇ ಆಗಿದ್ದರೂ, ನಿಮ್ಮ ವಿದ್ಯೆಗೆ ಸಾಕ್ಷಿಯಾಗದು.

ಇನ್ನು ವಿದ್ಯೆಯ ಒಳಗಿನ ಮಾತು. ನೀವು ಹಳೆಯ ಓಟಗಳ ಸಮಯವನ್ನು ಬರೆದುಕೊಳ್ಳುತ್ತೀರಿ. ಬರಿಯ ಸಮಯವನ್ನು ನಂಬಬೇಡಿ. ಮಳೆ ಬಿದ್ದ ನೆಲದ ಓಟಕ್ಕೂ ಗಟ್ಟಿ ನೆಲದ ಓಟಕ್ಕೂ ಹಲವು ಸೆಕೆಂಡುಗಳ ವ್ಯತ್ಯಾಸವಾಗುತ್ತದೆ, ಒಂದು ಲೆಂಗ್ತ್ ಎಂಬುದಾದರೋ ಸೆಕೆಂಡಿನ ಐದನೇ ಒಂದು ಭಾಗಕ್ಕೂ ಕಡಿಮೆ. ಅದೇ ದಿನ ಅದೇ ಮೈದಾನದಲ್ಲಿ ಓಡಿದ ಬೇರೆ ಪಂದ್ಯಗಳ ಸಮಯದೊಂದಿಗೆ ಹೋಲಿಸಿದರೆ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ತೂಕದ ವಿಷಯದಲ್ಲಿಯೂ ಹೊಸಬರು ಎಡವುತ್ತಾರೆ. ಹ್ಯಾಂಡಿಕ್ಯಾಪ್ ಪಂದ್ಯದಲ್ಲಿ ಬಲವಾದ ಕುದುರೆಗೆ ಹೆಚ್ಚು ಭಾರ, ದುರ್ಬಲ ಕುದುರೆಗೆ ಕಡಿಮೆ ಭಾರ ಹೊರಿಸಿ ಎಲ್ಲವನ್ನೂ ಒಂದೇ ಗೆರೆಗೆ ತರುವ ಪ್ರಯತ್ನವಿರುತ್ತದೆ. ಇಂಗ್ಲೆಂಡಿನಲ್ಲಿ ಈ ಭಾರವನ್ನು ನಿಗದಿಮಾಡುವ ಹ್ಯಾಂಡಿಕ್ಯಾಪರ್‌ಗಳ ಹಳೆಯ ಲೆಕ್ಕದಂತೆ 1000 ಮೀಟರಿನ ಓಟದಲ್ಲಿ ಒಂದು ಲೆಂಗ್ತ್‌ಗೆ ಸುಮಾರು 1.4 ಕಿಲೋ ಸಮ, 1600 ಮೀಟರಿನಲ್ಲಿ 0.9 ಕಿಲೋ, 3000 ಮೀಟರು ದಾಟಿದರೆ ಅರ್ಧ ಕಿಲೋಗೂ ಕಡಿಮೆ. ದೂರ ಹೆಚ್ಚಿದಂತೆ ಸಣ್ಣ ಭಾರವೂ ಹೆಚ್ಚು ಲೆಂಗ್ತ್‌ಗಳನ್ನು ತಿನ್ನುತ್ತದೆ. ವಯಸ್ಸಿಗೆ ತಕ್ಕ ತೂಕದ ಪಟ್ಟಿಯನ್ನು 19ನೆಯ ಶತಮಾನದಲ್ಲಿ ಅಡ್ಮಿರಲ್ ಹೆನ್ರಿ ರೌಸ್ ರೂಪಿಸಿದರು; ಮೂರು ವರ್ಷದ ಕುದುರೆ ವರ್ಷದ ಆರಂಭದಲ್ಲಿ ಹಿರಿಯ ಕುದುರೆಗಳಿಂದ ಪಡೆಯುವ ತೂಕದ ರಿಯಾಯಿತಿ ತಿಂಗಳು ಕಳೆದಂತೆ ಕರಗುತ್ತಾ ಹೋಗುವುದು ಆ ಪಟ್ಟಿಯಿಂದ ಬಂದ ಕ್ರಮ.

ಇವೆಲ್ಲಕ್ಕಿಂತ ನಾನು ಹೆಚ್ಚು ಬೆಲೆ ಕೊಡುವುದು ಓಟದ ಸ್ವರೂಪಕ್ಕೆ. ಪ್ರತಿ ಪಂದ್ಯದಲ್ಲೂ ಆರಂಭದಿಂದಲೇ ಮುಂದೆ ಓಡಲು ಬಯಸುವ ಕುದುರೆಗಳು ಎಷ್ಟಿವೆಯೆಂದು ಎಣಿಸಿ. ಅಂಥದ್ದು ಒಂದೇ ಇದ್ದರೆ ಅದು ಯಾರ ಕಾಟವೂ ಇಲ್ಲದೆ ತನಗೆ ಬೇಕಾದ ವೇಗದಲ್ಲಿ ಸಾಗಿ, ಕೊನೆಯ ತಿರುವಿನಲ್ಲಿ ಇನ್ನೂ ಕಸುವು ಉಳಿಸಿಕೊಂಡಿರುತ್ತದೆ. ಮೂರು ಇದ್ದರೆ ಪರಸ್ಪರ ಪೈಪೋಟಿಯಲ್ಲಿ ಮೂರೂ ಬಳಲಿ, ಹಿಂದೆ ತಾಳ್ಮೆಯಿಂದ ಬಂದ ಕುದುರೆಗೆ ದಾರಿಯಾಗುತ್ತದೆ. ಹೋದ ಸಲ ಸುಲಭವಾಗಿ ಗೆದ್ದ ಕುದುರೆಯೇ ಈ ಸಲ ಕಾಲು ಸೋತು ಹಿಂದೆ ಬೀಳುವುದಕ್ಕೆ ಎಷ್ಟೋ ಬಾರಿ ಇದೇ ಕಾರಣ, ಅದರ ಸಾಮರ್ಥ್ಯ ಕುಗ್ಗಿದ್ದಲ್ಲ.

ಓಟಕ್ಕೆ ಮೊದಲು ಕುದುರೆಗಳನ್ನು ನಡೆಸಿ ತೋರಿಸುವ ಅಂಗಳವಾದ ಪ್ಯಾಡಾಕ್‌ನಲ್ಲಿ ಕಳೆಯುವ ಹತ್ತು ನಿಮಿಷವನ್ನೂ ಬಿಡಬೇಡಿ. ಒಂದು ಮಧ್ಯಾಹ್ನ ಕಂಬಿಗೆ ಒರಗಿ ನಿಂತಿದ್ದಾಗ, ಹಿಂದಿನ ಎರಡೂ ಪಂದ್ಯ ಗೆದ್ದಿದ್ದ ಹೆಣ್ಣುಕುದುರೆಯೊಂದನ್ನು ಇಬ್ಬರು ಇಕ್ಕೆಲದಲ್ಲಿ ಹಿಡಿದು ತಂದರು. ಲಗಾಮಿನ ಪಟ್ಟಿ ಉಜ್ಜುವಲ್ಲಿ ಕತ್ತಿನ ಮೇಲೆ ಬಿಳಿಯ ನೊರೆ, ಹಿಂಗಾಲುಗಳ ನಡುವೆ ನೊರೆ. ಬಾಲವನ್ನು ಬಿಡದೆ ಬೀಸುತ್ತಿತ್ತು, ಕಿವಿಗಳು ಹಿಂದಕ್ಕೆ ಅಂಟಿದ್ದವು. ಅದರ ಹಿಂದೆ ಆರು ವರ್ಷದ, ಬೀಜ ತೆಗೆದ ಗಂಡುಕುದುರೆಯೊಂದು ತಲೆ ತಗ್ಗಿಸಿ, ಕಿವಿ ಮುಂದಕ್ಕಿಟ್ಟು, ಸಂತೆಗೆ ಹೊರಟಂತೆ ನಿಧಾನವಾಗಿ ನಡೆದು ಬಂತು. ಹಿಂಗಾಲಿನ ಗೊರಸು ಮುಂಗಾಲಿನ ಗುರುತಿಗಿಂತ ಒಂದು ಗೇಣು ಮುಂದೆ ಬೀಳುತ್ತಿತ್ತು. ಹೆಣ್ಣುಕುದುರೆ ಗೇಟಿಗೆ ಹೋಗುವಷ್ಟರಲ್ಲೇ ತನ್ನ ಅರ್ಧ ಶಕ್ತಿಯನ್ನು ಕಳೆದುಕೊಂಡಿತ್ತು, ಕೊನೆಯ ಇನ್ನೂರು ಮೀಟರಿನಲ್ಲಿ ಸೋತಿತು. ಅಂದಿನಿಂದ ಬೆವರಿದ ಕುದುರೆಗಳನ್ನೆಲ್ಲ ನಾನು ತಳ್ಳಿಹಾಕತೊಡಗಿದೆ, ಅದು ನನ್ನ ತಪ್ಪಾಯಿತು. ಸೆಕೆಯ ದಿನ ಎಲ್ಲವೂ ಬೆವರುತ್ತವೆ. ಕೆಲವು ಕುದುರೆಗಳು ಗೆಲ್ಲುವ ದಿನವೂ ಬೆವರುತ್ತವೆ. ಹೋಲಿಸಬೇಕಾದದ್ದು ಪಕ್ಕದ ಕುದುರೆಯೊಂದಿಗಲ್ಲ, ಅದೇ ಕುದುರೆ ಹೋದ ಸಲ ಹೇಗಿತ್ತು ಎಂಬುದರೊಂದಿಗೆ. ಅದಕ್ಕಾಗಿ ಒಂದೇ ಕುದುರೆಯನ್ನು ನಾಲ್ಕೈದು ಸಲ ನೋಡಿರಬೇಕು, ಬರೆದಿಟ್ಟಿರಬೇಕು. ಮುದ್ರಿತ ಕಾರ್ಡಿನಲ್ಲಿ ಎಲ್ಲರಿಗೂ ಸಿಗುವ ಮಾಹಿತಿ ದರದೊಳಗೆ ಆಗಲೇ ಸೇರಿಹೋಗಿರುತ್ತದೆ. ಸ್ವಂತ ಕಣ್ಣಿನಿಂದ ಕಂಡದ್ದು ಅಲ್ಲಿ ಪೂರ್ತಿ ಸೇರಿರುವುದಿಲ್ಲ.

ಬಾಜಿಯಿಂದ ನಿಜವಾಗಿ ದೊಡ್ಡ ಹಣ ಮಾಡಿದವರೂ ಇದ್ದಾರೆ. ಹಾಂಗ್‌ಕಾಂಗ್‌ನಲ್ಲಿ ಬಿಲ್ ಬೆಂಟರ್ ಎಂಬ ಅಮೆರಿಕನ್ನರು ಕಂಪ್ಯೂಟರ್ ಮಾದರಿಯೊಂದನ್ನು ಕಟ್ಟಿ ಗೆದ್ದರು, 1994ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ಅವರ ಬರಹದಲ್ಲಿ ನನಗೆ ಮುಖ್ಯವೆನಿಸಿದ್ದು ಯಂತ್ರದ ಜಾಣ್ಮೆಯಲ್ಲ. ವರ್ಷಗಳ ಶ್ರಮದಿಂದ ಕಟ್ಟಿದ ಮಾದರಿಯೂ ಜನರ ದರವನ್ನು ಪಕ್ಕಕ್ಕಿಟ್ಟು ತನ್ನಷ್ಟಕ್ಕೇ ಸಾಲದು, ಎರಡನ್ನೂ ಬೆರೆಸಿದರೆ ಮಾತ್ರ ಅಂದಾಜು ಸರಿಯಾಗುತ್ತದೆ ಎಂದು ಅವರು ಒಪ್ಪಿಕೊಂಡಿದ್ದರು. ಅಷ್ಟು ಸಿದ್ಧತೆಯುಳ್ಳವರೂ ಗುಂಪಿನ ತೀರ್ಪಿಗೆ ಮರ್ಯಾದೆ ಕೊಟ್ಟರು. ನಿಮ್ಮ ಅಂದಾಜು 25 ಇದ್ದು ದರ ಹೇಳುವುದು 8 ಎಂದಾದರೆ, ಗುಂಪಿಗೆ ಗೊತ್ತಿರುವ ಯಾವುದೋ ಸಂಗತಿ ನಿಮಗೆ ಗೊತ್ತಿಲ್ಲವೆಂಬುದೇ ಹೆಚ್ಚು ಸಂಭವನೀಯ.

ಮೊತ್ತ ನಾಲ್ಕೈದು ಪಟ್ಟಾಗಿದೆಯೆಂಬ ಮಾತು ನನಗೆ ಆತಂಕ ತಂದಿದೆ. ಐದರಲ್ಲಿ ಒಂದು ಅವಕಾಶವಿರುವ ಕುದುರೆಗಳನ್ನೇ ಆರಿಸುವವರು ಸತತವಾಗಿ ಹತ್ತು ಬಾಜಿ ಸೋಲುವ ಸಾಧ್ಯತೆ ನೂರಕ್ಕೆ ಸುಮಾರು 11. ನೂರು ಬಾಜಿಗಳ ಅವಧಿಯಲ್ಲಿ ಅಂಥ ಸರಣಿಯೊಂದು ಬಹುಮಟ್ಟಿಗೆ ಬಂದೇ ಬರುತ್ತದೆ. ಆಗ ಸೋತದ್ದನ್ನು ಮರಳಿ ಪಡೆಯಲೆಂದು ಪ್ರತಿ ಸಲ ಎರಡು ಪಟ್ಟು ಮಾಡುವವರು ಒಂದರಿಂದ ಆರಂಭಿಸಿ ಎಂಟು ಸೋಲಿನ ಹೊತ್ತಿಗೆ 255 ಕಳೆದುಕೊಂಡು, ಒಂಬತ್ತನೆಯದಕ್ಕೆ 256 ಕಟ್ಟಬೇಕಾಗುತ್ತದೆ. 1956ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ ಪ್ರಕಟಿಸಿದ ಸೂತ್ರವೊಂದು ಎಷ್ಟು ಕಟ್ಟಬೇಕೆಂದು ಹೇಳುತ್ತದೆ: ಒಂದಕ್ಕೆ ನಾಲ್ಕರ ದರವಿದ್ದು ನಿಮ್ಮ ಅಂದಾಜು ನೂರಕ್ಕೆ 25 ಆದರೆ ಇರುವ ಬಂಡವಾಳದ ನೂರಕ್ಕೆ 6.25 ಭಾಗ. ಆದರೆ ನಿಮ್ಮ 25 ನಿಜದಲ್ಲಿ 18 ಆಗಿದ್ದರೆ ಅದೇ ಬಾಜಿ ನೂರಕ್ಕೆ 10 ನಷ್ಟದ್ದು, ಕಟ್ಟಲೇಬಾರದಿತ್ತು. ಸೂತ್ರ ಸರಿಯಾದದ್ದೇ, ಅದಕ್ಕೆ ನಾವು ಕೊಡುವ ಅಂಕಿ ಸರಿಯಿರಬೇಕು. ಆದ್ದರಿಂದ ಲೆಕ್ಕದ ಪುಸ್ತಕ ನಿಮ್ಮ ಅಂದಾಜನ್ನು ದೃಢಪಡಿಸುವವರೆಗೆ, ಪೂರ್ತಿ ಹೋದರೂ ಮನೆಯ ಯಾವ ಖರ್ಚೂ ನಿಲ್ಲದಂಥ ಒಂದು ಮೊತ್ತವನ್ನು ಬೇರೆಯಿಟ್ಟು, ಒಂದು ಬಾಜಿಗೆ ಅದರ ನೂರನೇ ಒಂದು ಭಾಗಕ್ಕಿಂತ ಹೆಚ್ಚು ಕಟ್ಟಬೇಡಿ. ದಿನದ ಕೊನೆಯ ಪಂದ್ಯದಲ್ಲಿ ಕಟ್ಟಲೇಬೇಡಿ. ಅಂದಿನ ನಷ್ಟವನ್ನೆಲ್ಲ ಒಂದೇ ಏಟಿಗೆ ತುಂಬಿಕೊಳ್ಳಬೇಕೆಂಬ ಆತುರ ಎಲ್ಲರಲ್ಲೂ ಹೆಚ್ಚಾಗುವ ಹೊತ್ತು ಅದು.

ದೊಡ್ಡ ಬಾಜಿಗಳ ಬಗ್ಗೆ ನೀವು ಕೇಳಿದ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಬೇಡವೆಂದೇ. ಎಂಟು ಕುದುರೆಗಳ ಪಂದ್ಯದಲ್ಲಿ ಮೊದಲ ಮೂರು ಸ್ಥಾನಗಳನ್ನು ಕ್ರಮವಾಗಿ ಊಹಿಸಲು 336 ಬಗೆಗಳಿವೆ; ಅಂಥ ನಾಲ್ಕು ಪಂದ್ಯಗಳ ವಿಜೇತರನ್ನು ಒಟ್ಟಿಗೆ ಊಹಿಸಲು 4096. ಇಂಥ ನಿಧಿಗಳಿಂದ ಮುರಿದುಕೊಳ್ಳುವ ಪಾಲು ಒಂದೇ ಪಂದ್ಯದ ವಿಜೇತ ಕುದುರೆಯನ್ನು ಊಹಿಸುವ ಸಾಮಾನ್ಯ ವಿನ್ ಬಾಜಿಗಿಂತ ಹೆಚ್ಚಾಗಿರುವುದೇ ವಾಡಿಕೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಅಂದಾಜಿನ ತಪ್ಪು ಇಲ್ಲಿ ಗುಣಿಸುತ್ತಾ ಹೋಗುತ್ತದೆ: ಪ್ರತಿ ಪಂದ್ಯದಲ್ಲೂ ಹತ್ತನೇ ಒಂದು ಭಾಗದಷ್ಟು ಮಾತ್ರ ಹೆಚ್ಚು ಅಂದಾಜಿಸಿದ್ದರೂ ನಾಲ್ಕು ಪಂದ್ಯಗಳು ಸೇರಿದಾಗ ನೀವೆಣಿಸಿದ ಅವಕಾಶದ ಮೂರನೇ ಒಂದು ಭಾಗ ಮಾಯವಾಗಿರುತ್ತದೆ. ನಿಜವಾಗಿಯೂ ಮೇಲುಗೈ ಇರುವವರಿಗೆ ಆ ಮೇಲುಗೈಯೂ ಹೀಗೆಯೇ ಗುಣಿಸುತ್ತದೆ, ಅನುಭವಿಗಳು ಅದಕ್ಕಾಗಿಯೇ ಅಲ್ಲಿ ಕಟ್ಟುತ್ತಾರೆ. ನಿಮಗೆ ಮೇಲುಗೈ ಇದೆಯೇ ಎಂಬುದೇ ಇನ್ನೂ ತಿಳಿದಿಲ್ಲ.

ನೀವು ಕೇಳದಿದ್ದರೂ ಒಂದು ಮಾತು. ನಿಮ್ಮ ಉತ್ಸಾಹ ಹತ್ತು ಜನರಿಗೆ ತಿಳಿದೊಡನೆ ಖಚಿತ ಸುಳಿವು ಮಾರುವವರು ಸಂಪರ್ಕಿಸುತ್ತಾರೆ. ಎಂಟು ಗುಂಪುಗಳಿಗೆ ಎಂಟು ಬೇರೆ ಬೇರೆ ಕುದುರೆಗಳ ಹೆಸರು ಕಳುಹಿಸಿದರೆ ಒಂದು ಗುಂಪಿಗೆ ಗೆಲುವು ತಪ್ಪದೆ ಸಿಗುತ್ತದೆ, ಮುಂದಿನ ವಾರ ಶುಲ್ಕ ಕೊಡುವುದು ಆ ಗುಂಪು. ಕಾನೂನಿನ ಪರವಾನಗಿ ಇಲ್ಲದ ಕಡೆ ಹಣ ಕಟ್ಟಬೇಡಿರೆಂದೂ ಹೇಳಬೇಕು. ಗೆದ್ದರೂ ಅದನ್ನು ವಸೂಲು ಮಾಡಿಕೊಳ್ಳಲು ನಿಮಗೆ ದಾರಿ ಇರುವುದಿಲ್ಲ.

ಮೂರನೆಯ ಪ್ರಶ್ನೆಗೆ ಬರುತ್ತೇನೆ. ಹೇಳಬೇಕು, ಈ ವಾರವೇ ಹೇಳಬೇಕು. ಹಣದ ಮೇಲೆ ಮನೆಯವರಿಗೂ ಹಕ್ಕಿದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಿಮಗೇ ಸಂಬಂಧಿಸಿದ್ದು: ಮೊತ್ತವನ್ನು ಮುಚ್ಚಿಡುವುದು, ಸೋತದ್ದನ್ನು ಮರಳಿ ಪಡೆಯಲು ಕಟ್ಟುವುದು, ಮೊದಲಿನಷ್ಟೇ ಸಂತೋಷಕ್ಕೆ ಈಗ ಹೆಚ್ಚು ಹಣ ಬೇಕಾಗುವುದು, ಸಾಲ ಮಾಡಿ ಕಟ್ಟುವುದು, ಇವು ಹವ್ಯಾಸ ಚಟವಾಗುತ್ತಿರುವುದರ ಗುರುತುಗಳು. ನೀವು ಬರೆದಿರುವುದರಲ್ಲಿಯೇ ಎರಡು ಕಾಣುತ್ತಿವೆ. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಒಳ್ಳೆಯ ಬುದ್ಧಿಯುಳ್ಳ, ಕುದುರೆಯನ್ನು ನನಗಿಂತ ಚೆನ್ನಾಗಿ ಓದುತ್ತಿದ್ದವರು ಈ ಹಾದಿಯಲ್ಲಿ ಮನೆಮಠ ಕಳೆದುಕೊಂಡದ್ದನ್ನು ಕಂಡು ಹೇಳುತ್ತಿದ್ದೇನೆ. ಮುಂದಿನ ನಾಲ್ಕು ವಾರ ಒಂದು ಕಾಸೂ ಕಟ್ಟದೆ ಪಂದ್ಯಗಳಿಗೆ ಹೋಗಿ. ಹೋಗದಿರಲು ಆಗದು ಅನ್ನಿಸಿದರೆ ಚಿಂತೆಯಿಲ್ಲ, ಅದು ಕುದುರೆಯ ಸೆಳೆತ. ಕಟ್ಟದಿರಲು ಆಗದು ಅನ್ನಿಸಿದರೆ ಅದೇ ವಾರ ಮನೋವೈದ್ಯರನ್ನೋ ಆಪ್ತ ಸಲಹೆಗಾರರನ್ನೋ ಕಾಣಿ, ತಡಮಾಡಬೇಡಿ.

ಆ ನಾಲ್ಕು ವಾರಗಳಲ್ಲಿ ಪ್ರತಿ ಪಂದ್ಯದ ಎಲ್ಲ ಕುದುರೆಗಳಿಗೂ ಅವಕಾಶ ಬರೆಯಿರಿ, ಕೂಡಿದರೆ ನೂರೇ ಆಗುವಂತೆ, ಪೆನ್ನಿನಲ್ಲಿ, ದರಪಟ್ಟಿ ನೋಡುವ ಮೊದಲು. ಪಕ್ಕದಲ್ಲಿ ಹಿಂದಿನ ಆರು ತಿಂಗಳಲ್ಲಿ ಕಟ್ಟಿದ್ದು ಎಷ್ಟು, ಬಂದದ್ದು ಎಷ್ಟು ಎಂಬುದನ್ನು ಬ್ಯಾಂಕ್ ಖಾತೆ, ಹಳೆಯ ಟಿಕೆಟ್‌ಗಳು, ನೆನಪು, ಏನು ಸಿಗುತ್ತದೋ ಅದರಿಂದ ಒಟ್ಟುಮಾಡಿ. ಆ ಎರಡು ಅಂಕಿಗಳನ್ನು ಒಬ್ಬರೇ ಕೂತು ಕೂಡಿಸಬೇಡಿ; ಪುಸ್ತಕವನ್ನು ಮನೆಯವರ ಕೈಗೆ ಕೊಟ್ಟು, ನೀವು ಓದುತ್ತಾ ಹೋಗಿ, ಅವರು ಬರೆದುಕೊಳ್ಳಲಿ.